‘ಮಲೆನಾಡಲ್ಲಿ ಒಂದೊಳ್ಳೆ ಗ್ರಾವೆಲ್ ರೂಟ್ ಕಳಿಸಿ’: ಕೇಳಿದವರಿಗೆಲ್ಲ ಇದೇ ಉತ್ತರ

“ಸರ್, ಮಲೆನಾಡಲ್ಲಿ ಒಂದೊಳ್ಳೆ ಗ್ರಾವೆಲ್ ರೂಟ್ ಇದ್ರೆ ಫೈಲ್ ಕಳಿಸಿ.” ಮಳೆ ನಿಂತು ಅಕ್ಟೋಬರ್ ಬಂತೆಂದರೆ ಈ ಮೆಸೇಜು ಶುರು. ಗ್ರಾವೆಲ್ ರೂಟ್ ಅಂದರೆ ಸೈಕಲ್ ಹೊಡೆಯಲು ಮಣ್ಣು, ಜಲ್ಲಿಯ ದಾರಿ; ಫೈಲ್ ಅಂದರೆ ಆ ದಾರಿಯನ್ನು ಮ್ಯಾಪಿನಲ್ಲಿ ತೋರಿಸುವ ಜಿಪಿಎಸ್ ಫೈಲ್. ಕೇಳುವವರ ಹತ್ತಿರ ಹೊಸ ಸೈಕಲ್ ಇರುತ್ತದೆ, ಮೂರು ದಿನ ರಜೆ ಇರುತ್ತದೆ, ಇನ್ನೇನೂ ಹೇಳುವುದಿಲ್ಲ. ನಾನು ಫೈಲ್ ಕಳಿಸುವುದಿಲ್ಲ. ಯಾಕೆ ಅಂತ ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಓದಿಕೊಳ್ಳಿ.

‘ಒಳ್ಳೆ ರೂಟ್’ ಅಂದರೆ ಯಾವ ತಿಂಗಳಿಗೆ ಒಳ್ಳೆಯದು? ಯಾವ ಟೈರಿಗೆ? ಫೈಲಿನಲ್ಲಿ ಇರುವುದು ಒಂದು ಗೆರೆ. ಆ ಗೆರೆಯ ಮೇಲೆ ಈಗ ಏನು ಬಿದ್ದಿದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಪಂಚಾಯ್ತಿ ಕಾಮಗಾರಿ ಶುರುವಾದರೆ ಟಾರು ಬೀಳುವ ಮುಂಚೆ ವಾರಗಟ್ಟಲೆ ರಸ್ತೆ ತುಂಬ 40 ಎಂಎಂ ಜಲ್ಲಿ ಹರಡಿರುತ್ತಾರೆ. ಹೊಸದಾಗಿ ಒಡೆದ ಜಲ್ಲಿಯ ಅಂಚು ಚಾಕುವಿನ ಹಾಗಿರುತ್ತದೆ, ಟೈರಿನ ಪಕ್ಕೆಯನ್ನು ಸೀಳುತ್ತದೆ. ಪಕ್ಕೆ ಸೀಳಿದರೆ ಸೀಲಂಟಿಗೆ (ಟ್ಯೂಬ್ ಇಲ್ಲದ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ) ಅದನ್ನು ಮುಚ್ಚಲು ಆಗುವುದಿಲ್ಲ. ಒಳಗಿನಿಂದ ಹಳೆ ಟೈರಿನ ಐದು ಸೆಂಟಿಮೀಟರ್ ತುಂಡು ಕೊಟ್ಟು, ಟ್ಯೂಬ್ ಹಾಕಿಕೊಂಡು ಮೆಲ್ಲಗೆ ಊರು ಸೇರಬೇಕು. ಆ ತುಂಡು ಬ್ಯಾಗಿನಲ್ಲಿ ಇದೆಯಾ?

ನಮ್ಮ ಕಡೆಯ ಮಣ್ಣುದಾರಿ ಬಹುಪಾಲು ಜಂಬಿಟ್ಟಿಗೆ ನೆಲ. ಒಣಗಿದಾಗ ಮೇಲೆ ಕೆಂಪು ಧೂಳು, ಧೂಳಿನಡಿಯಲ್ಲಿ ಹುರಿಗಡಲೆ ಗಾತ್ರದ ಗುಂಡುಗುಂಡು ಕಲ್ಲು, ಅದರಡಿಯಲ್ಲಿ ಗಟ್ಟಿ ನೆಲ. ತಿರುವಿನೊಳಗೆ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಆ ಗುಂಡುಗಳ ಮೇಲೆ ಉರುಳಿಕೊಂಡು ಹೋಗುತ್ತದೆ. ವೇಗ ಇಳಿಸುವುದನ್ನು ತಿರುವಿಗೆ ಮುಂಚೆಯೇ ಮುಗಿಸಿ. ಏರಿನಲ್ಲಿ ಸೀಟಿನಿಂದ ಏಳಬೇಡಿ. ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ, ಚಕ್ರ ನಿಂತಲ್ಲೇ ಸುತ್ತುತ್ತದೆ. ಸೀಟಿನ ತುದಿಗೆ ಸರಿದು, ಎದೆ ಬಗ್ಗಿಸಿ, ಸಣ್ಣ ಗೇರಿನಲ್ಲಿ ತುಳಿಯಿರಿ. ಆ ಸಣ್ಣ ಗೇರಿನಲ್ಲಿ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿದರೆ ಒಂದಕ್ಕಿಂತ ಕಡಿಮೆ ಬರಲೇಬೇಕು. ಮುಂದೆ 30 ಹಲ್ಲು, ಹಿಂದೆ 34 ಇದ್ದರೆ 0.88. ಮುಂದೆ ಒಂದೇ 40, ಹಿಂದೆ 42 ಇದ್ದರೆ 0.95, ಅದೂ ನಡೆಯುತ್ತದೆ. ರೋಡ್ ಸೈಕಲ್ಲಿನ 34ಕ್ಕೆ 28 ಅಂದರೆ 1.21. ನಂದಿ ಬೆಟ್ಟ ಹತ್ತಿದೆ ಅಂತ ಅದನ್ನೇ ತಂದರೆ ಇಲ್ಲಿ ತಳ್ಳಿಕೊಂಡು ಹೋಗಬೇಕಾಗುತ್ತದೆ.

ಗಾಳಿಯ ವಿಷಯದಲ್ಲಿ ಹೆಚ್ಚಿನವರು ತಪ್ಪು ಮಾಡುವುದು ಜಾಸ್ತಿ ತುಂಬಿಸಿ. 70ರಿಂದ 75 ಕೆಜಿ ತೂಕದವರಿಗೆ, 45 ಎಂಎಂ ಟ್ಯೂಬ್‌ಲೆಸ್ ಟೈರಿಗೆ, ಮುಂದೆ 28 ಪಿಎಸ್‌ಐ, ಹಿಂದೆ 31ರಿಂದ ಶುರುಮಾಡಿ. ಜಲ್ಲಿ ಇದೆ ಅಂತ ಗೊತ್ತಿದ್ದರೆ ನಾಲ್ಕು ಹೆಚ್ಚಿಸಿ. ಟ್ಯೂಬ್ ಇದ್ದರೆ 38ಕ್ಕಿಂತ ಇಳಿಯಬೇಡಿ, ರಿಮ್ಮು ಕಲ್ಲಿಗೆ ಹೊಡೆದು ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ. ಬಿದಿರು ಮುಳ್ಳಿಗೆ ಸೀಲಂಟ್ ಸಾಕು, ಆದರೆ ಅದು ಒಳಗೆ ಹಸಿಯಾಗಿರಬೇಕು. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಕುಲುಕುವ ಸದ್ದು ಬರದಿದ್ದರೆ ಒಣಗಿದೆ ಅಂತ ಅರ್ಥ, ಹೊರಡುವ ಮುಂಚೆ 60 ಎಂಎಲ್ ಹಾಕಿ. ಹಿಂದಿನ ಡಿರೇಲರ್ ಹ್ಯಾಂಗರ್ (ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಅದು ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಮೂಡಿಗೆರೆಯ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ.

“ಮಳೆಗಾಲದಲ್ಲಿ ಚೆನ್ನಾಗಿರುತ್ತಲ್ವಾ, ಹಸಿರು?” ಹಸಿರು ಚೆನ್ನಾಗಿರುತ್ತದೆ. ಮರದ ನೆರಳಿನ ಕಾಂಕ್ರೀಟ್ ಇಳಿಜಾರಿನ ಮೇಲೂ ಅದೇ ಹಸಿರು ಪಾಚಿಯಾಗಿ ಕೂತಿರುತ್ತದೆ, ಬಿಸಿಲು ಬೀಳದ ಕಡೆ ನವೆಂಬರ್‌ವರೆಗೂ ಹೋಗುವುದಿಲ್ಲ. ಅದರ ಮೇಲೆ ಯಾವ ಟೈರೂ ಹಿಡಿಯುವುದಿಲ್ಲ, ಇಳಿದು ನಡೆಯಿರಿ. ಕೆಂಪು ಕೆಸರು ಬ್ರೇಕಿನೊಳಗೆ ಹೋದರೆ ಮರಳು ಕಾಗದದ ಕೆಲಸ ಮಾಡುತ್ತದೆ. ಡಿಸ್ಕ್ ಬ್ರೇಕಿನ ಮೆತ್ತನೆಯ ರೆಸಿನ್ ಪ್ಯಾಡು ಒಂದೇ ದಿನದ ಇಳಿತದಲ್ಲಿ ತಳ ಕಂಡರೂ ಆಶ್ಚರ್ಯವಿಲ್ಲ. ಮೆಟಲ್ ಪ್ಯಾಡ್ ಹಾಕಿಸಿಕೊಂಡು ಬನ್ನಿ. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ಅಷ್ಟೆ.

ಹೆದರಬೇಕಾದ್ದು ಒಣ ದಿನಗಳ ಉಣುಗಿಗೆ. ಸೈಕಲ್ಲಿಗೆ ಒಳ್ಳೆಯದಾದ ಡಿಸೆಂಬರಿನಿಂದ ಮೇವರೆಗಿನ ಕಾಲವೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ಮನುಷ್ಯರಿಗೆ ಹೆಚ್ಚಾಗಿ ಅಂಟಿಸುವುದು ಉಣುಗಿನ ಮರಿ. ಸಾಸಿವೆಗಿಂತ ಸಣ್ಣದು, ಕಾಲುಚೀಲದ ಅಂಚಿನಲ್ಲಿ ಕೂತರೆ ಮಣ್ಣಿನ ಚುಕ್ಕೆ ಅಂದುಕೊಳ್ಳುತ್ತೀರಿ. ತರಗೆಲೆಯ ಮೇಲೆ ಕೂರಬೇಡಿ, ಸೈಕಲ್ ಮಲಗಿಸಬೇಡಿ. ಮಂಗ ಸತ್ತು ಬಿದ್ದಿದೆ ಅಂತ ಊರವರು ಹೇಳಿದರೆ ಆ ಕಡೆ ಹೋಗಲೇಬೇಡಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಇರುತ್ತದೆ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ವಾಪಸ್ ಹೋದ ಒಂದೆರಡು ವಾರದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ನೀವು ಹೇಳದಿದ್ದರೆ ಬೆಂಗಳೂರಿನ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ.

ಇಷ್ಟೆಲ್ಲ ಕೇಳುವವರು ಇದ್ದಾರೆ, ಹೇಳುತ್ತೇನೆ. ಆದರೆ ‘ಈ ದಾರಿ ಯಾರದು?’ ಅಂತ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ್ದು ಅದು. ಮ್ಯಾಪಿನಲ್ಲಿ ಎಲ್ಲ ಮಣ್ಣುದಾರಿಗೂ ಒಂದೇ ಬಣ್ಣ. ನೆಲದ ಮೇಲೆ ಕೆಲವು ಪಂಚಾಯ್ತಿಯದು, ಕೆಲವು ಅರಣ್ಯ ಇಲಾಖೆಯದು, ಬಹಳಷ್ಟು ಕಾಫಿ ತೋಟದವರದು. ಪಂಚಾಯ್ತಿ ರಸ್ತೆಯಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಸಕಲೇಶಪುರದಿಂದ ಹಾನುಬಾಳು, ಮೂಡಿಗೆರೆ, ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸದವರೆಗೆ ಟಾರು ರಸ್ತೆ ಹಿಡಿದು, ಅಕ್ಕಪಕ್ಕದ ಊರಿಂದ ಊರಿಗೆ ಹೋಗುವ ದಾರಿಗಳನ್ನು ಅಲ್ಲಲ್ಲೇ ಕೇಳಿಕೊಂಡು ಸೇರಿಸಿದರೆ ನಾಲ್ಕು ದಿನಕ್ಕೂ ಮುಗಿಯುವುದಿಲ್ಲ. ನನ್ನ ಹತ್ತಿರ ಇರುವ ರೂಟ್ ಅದೇ.

ಅಭಯಾರಣ್ಯದ ಒಳಗೆ ಮಾತು ಬೇರೆ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಬಹುದು, ಅದು ಬಿಟ್ಟು ಒಳಗೆ ಕಾಲಿಡಲು ಅನುಮತಿ ಬೇಕು. ನ್ಯಾಷನಲ್ ಪಾರ್ಕಿಗೂ ಅದೇ ನಿಯಮ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಆ ಸುತ್ತಿನ ಹಳೆ ಜೀಪ್ ದಾರಿಗಳು ಉಪಗ್ರಹ ಚಿತ್ರದಲ್ಲಿ ಬಹಳ ಚಂದ ಕಾಣುತ್ತವೆ, ಅಲ್ಲಿಗೆ ಫೈಲ್ ಮಾಡಿಕೊಡಿ ಅಂತಲೂ ಕೇಳುತ್ತಾರೆ. ಅದು ಈಗ ಕಾಡಿನ ಪಾಲು. ಬಿಟ್ಟುಬಿಡಿ.

ಆನೆ ಓಡಾಡುವ ಕಡೆ ಸಂಜೆ ನಾಲ್ಕಕ್ಕೆ ಸವಾರಿ ಮುಗಿಸಿ, ಬೆಳಗ್ಗೆ ಏಳೂವರೆಗೆ ಮುಂಚೆ ಹೊರಡಬೇಡಿ. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಾಚೆ ಇರುವ ಆನೆಗೆ ನೀವು ಬರುವುದು ಗೊತ್ತಾಗುವುದಿಲ್ಲ. ಬೆಲ್ ಹೊಡೆಯುತ್ತಾ ಹೋಗಿ. ಲದ್ದಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿದ್ದರೆ, ಮುರಿದ ಬಿದಿರು ಬಾಡಿರದಿದ್ದರೆ, ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಬನ್ನಿ. ಮಣ್ಣು, ಟಾರು ಸೇರಿ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಲೆಕ್ಕ ಇಟ್ಟರೆ 50 ಕಿಲೋಮೀಟರೇ ಒಂದು ದಿನದ ಕೆಲಸ.

ಇನ್ನು ತೋಟದ ದಾರಿ. ನವೆಂಬರಿನಿಂದ ಮಾರ್ಚ್‌ವರೆಗೆ ಒಂದಲ್ಲ ಒಂದು ಕಡೆ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ತಿರುವಿನಲ್ಲಿ ಹಣ್ಣು ತುಂಬಿದ ಟ್ರ್ಯಾಕ್ಟರ್ ಎದುರಾದರೆ ಅದಕ್ಕೆ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ದಾರಿಗೆ ಅಡ್ಡಲಾಗಿ ಪೈಪು ಮಲಗಿರುತ್ತದೆ, ಧೂಳಿನ ದಾರಿ ಇದ್ದಕ್ಕಿದ್ದಂತೆ ಕೆಸರಾಗುತ್ತದೆ. ಪೈಪಿನ ಮೇಲೆ ಸೈಕಲ್ ಹತ್ತಿಸಬೇಡಿ, ಎತ್ತಿ ದಾಟಿಸಿ.

ಗೇಟಿಗೆ ಸರಪಳಿ ಇದ್ದರೆ ಅಡಿಯಿಂದ ನುಸುಳಬೇಡಿ. ತೋಟದ ಕೆಲಸದವರ ಲೈನ್ ಮನೆಗಳ ಹತ್ತಿರ, ತೋಟದ ಉಸ್ತುವಾರಿ ನೋಡುವ ರೈಟರು ಎಲ್ಲಿ ಅಂತ ಕೇಳಿ, ಹುಡುಕಿ, ಎಲ್ಲಿಂದ ಬಂದಿರಿ, ಯಾವ ಕಡೆ ಹೊರಬೀಳುತ್ತೀರಿ, ಎಷ್ಟು ಜನ ಅಂತ ಹೇಳಿ. “ಇವತ್ತು ಬೇಡ, ಕೆಳಗಿನ ಗದ್ದೆ ಹತ್ತಿರ ಆನೆ ಇದೆ” ಅಂದರೆ ಯಾಕೆ, ಏನು ಅಂತ ವಾದ ಮಾಡಬೇಡಿ. ಬಿಟ್ಟರೆ, ದಾಟಿದ ಮೇಲೆ ಗೇಟನ್ನು ಇದ್ದ ಹಾಗೆಯೇ ಹಾಕಿ. ಆ ದಾರಿಯ ಫೈಲನ್ನು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಏರಿಸಬೇಡಿ. ಒಪ್ಪಿಗೆ ಸಿಕ್ಕಿದ್ದು ನಿಮಗೆ, ಆ ದಿನಕ್ಕೆ. ಮುಂದಿನ ವಾರ ಇಪ್ಪತ್ತು ಜನ ಕೇಳದೆ ನುಗ್ಗಿದರೆ ಸರಪಳಿಯ ಜಾಗಕ್ಕೆ ಬೀಗ ಬರುತ್ತದೆ, ಆ ದಾರಿಯಲ್ಲಿ ಶಾಲೆಗೆ ಹೋಗುವ ಲೈನ್ ಮನೆ ಮಕ್ಕಳು ಸುತ್ತು ಹಾಕಿಕೊಂಡು ನಡೆಯಬೇಕಾಗುತ್ತದೆ.