ಪಶ್ಚಿಮದ ಕಿಟಕಿಗೆ ಒಂದು ಜೇನುಗೂಡು

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅದರಲ್ಲೂ ನಮ್ಮ ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಮೇಲೆ ಗ್ರಿಲ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ದಪ್ಪ ಪರದೆ ಹಾಕಿ ನೋಡಿದೆವು, ಪರದೆಯೇ ಕಾದು ಕೂತಿತು. ಆಮೇಲೆ ಸೆಲ್ಯುಲರ್ ಬ್ಲೈಂಡ್, ಅಂದರೆ ಮಡಿಕೆ ಮಡಿಕೆಯಾಗಿ ಮೇಲೆ ಕೆಳಗೆ ಸರಿಯುವ ಕಿಟಕಿ ಮರೆ, ಹಾಕಿಸಿದೆ. ಪಕ್ಕದಿಂದ ನೋಡಿದರೆ ಥೇಟ್ ಜೇನುಗೂಡು. ಆ ಗೂಡುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಶಾಖ ತಡೆಯುವುದು.

ಅಳತೆಯಲ್ಲಿ ಮಾತ್ರ ಎಡವಿದೆ. ಹಳೇ ಮನೆಯ ಚೌಕಟ್ಟು ನೆಟ್ಟಗಿರಬೇಕಲ್ಲ! ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಕೊಡಬೇಕಿತ್ತು, ನಾನು ಸುಮ್ನೆ ಮೇಲಿನದೊಂದೇ ಕೊಟ್ಟೆ, ಬ್ಲೈಂಡ್ ಇಳಿಯುತ್ತಾ ಅರ್ಧದಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಮಾಡಿಸಿದ್ದು ದಂಡ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹಗ್ಗ ಇಲ್ಲದ್ದನ್ನೇ ತಗೊಳ್ಳಿ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ.

ಇಲ್ಲಿನ ಧೂಳು ಗೊತ್ತಲ್ವಾ? ವಾರಕ್ಕೊಮ್ಮೆ ಮೆತ್ತನೆ ಬ್ರಷ್ ಆಡಿಸುತ್ತೇನೆ. ಗೂಡಿನೊಳಗೆ ಸತ್ತ ಹುಳ ಸೇರಿದ್ದರೆ ಹೇರ್ ಡ್ರೈಯರನ್ನು ತಣ್ಣನೆ ಗಾಳಿಗಿಟ್ಟು ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯಲ್ಲಿ ಉದುರುತ್ತವೆ. ನೀರಲ್ಲಿ ನೆನೆಸಬೇಡಿ, ಮಡಿಕೆಗಳು ಸೊಟ್ಟಗಾಗುತ್ತವೆ.

ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಇನ್ನೂ ಜಾಸ್ತಿ ಉಪಯೋಗ. ಅದಕ್ಕೇ ಕಿಟಕಿಯಾಚೆ ಅಜ್ಜಿ ಕಾಲದ ಬಿದಿರಿನ ಚಿಕ್ (ಕಡ್ಡಿ ಪರದೆ) ಕೂಡ ಇಳಿಬಿಟ್ಟಿದ್ದೇನೆ.