ಬುಡಾಪೆಸ್ಟಿನಲ್ಲಿ ಪೊಲೀಸರ ಪಾಠದ ಚಿತ್ರಗಳು

ಬುಡಾಪೆಸ್ಟಿಗೆ ಹೋಗುವವರಲ್ಲಿ ಹೆಚ್ಚಿನವರು ಡ್ಯಾನ್ಯೂಬ್ ದಂಡೆಯ ಸಂಸತ್ ಭವನವನ್ನೂ ಬಿಸಿನೀರಿನ ಸ್ನಾನಗೃಹಗಳನ್ನೂ ನೋಡಿ ಮರಳುತ್ತಾರೆ. ನನ್ನನ್ನು ಆ ನಗರಕ್ಕೆ ಸೆಳೆದದ್ದು ಪೊಲೀಸರು ಪೊಲೀಸರಿಗಾಗಿಯೇ ತೆಗೆದ ಸಿನಿಮಾಗಳು. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಹಂಗೆರಿಯ ಗೃಹ ಸಚಿವಾಲಯಕ್ಕೆ ತನ್ನದೇ ಆದ ಚಿತ್ರ ನಿರ್ಮಾಣ ಘಟಕವಿತ್ತು. 1958ರಿಂದ 1988ರವರೆಗೆ ಆ ಘಟಕವು ಗುಪ್ತ ಪೊಲೀಸ್ ಅಧಿಕಾರಿಗಳಿಗೆ ಕೆಲಸ ಕಲಿಸುವುದಕ್ಕೆಂದು ನೂರಾರು ಚಿತ್ರಗಳನ್ನು ತಯಾರಿಸಿತು. ಅವು ಸಾರ್ವಜನಿಕರ ಕಣ್ಣಿಗೆ ಬೀಳಬೇಕಾದವುಗಳಾಗಿರಲಿಲ್ಲ. ಆಡಳಿತ ಬದಲಾದ ನಂತರ ಗಾಬೊರ್ ಜಿಗ್ಮೊಂಡ್ ಪಾಪ್ ಎಂಬ ನಿರ್ದೇಶಕರು ಆ ಸಂಗ್ರಹದಿಂದ ಆಯ್ದ ಭಾಗಗಳನ್ನು ಜೋಡಿಸಿ 2004ರಲ್ಲಿ ‘ಒಬ್ಬ ಏಜೆಂಟನ ಬದುಕು’ ಎಂಬ ಸಾಕ್ಷ್ಯಚಿತ್ರವನ್ನು ರೂಪಿಸಿದರು. ನಗರದ ಹೊರವಲಯದ ಮೆಮೆಂಟೊ ಪಾರ್ಕಿನಲ್ಲಿ ಅದನ್ನು ಪ್ರವಾಸಿಗರಿಗೆ ತೋರಿಸುತ್ತಾರೆ.

ಕೆಲೆನ್‌ಫೋಲ್ಡ್ ನಿಲ್ದಾಣದವರೆಗೆ ಮೆಟ್ರೊ, ಅಲ್ಲಿಂದ ಮುಂದೆ ಬಸ್ಸು. ಊರಿನ ಗದ್ದಲವೆಲ್ಲ ಹಿಂದೆ ಸರಿದ ಮೇಲೆ ರಸ್ತೆಯ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಮುಖಮಂಟಪ ಕಾಣಿಸುತ್ತದೆ. 1993ರಲ್ಲಿ ತೆರೆದ ಈ ಉದ್ಯಾನವನ್ನು ವಿನ್ಯಾಸಗೊಳಿಸಿದವರು ವಾಸ್ತುಶಿಲ್ಪಿ ಆಕೋಶ್ ಎಲೆಯೋಡ್. ನಗರದ ಚೌಕಗಳಿಂದ ಕಿತ್ತು ತಂದ ಲೆನಿನ್, ಮಾರ್ಕ್ಸ್, ಏಂಗೆಲ್ಸರ ಪ್ರತಿಮೆಗಳೂ, ದಾಪುಗಾಲಿಟ್ಟು ಓಡುತ್ತಿರುವ ಬೃಹದಾಕಾರದ ಕಾರ್ಮಿಕನೂ ಇಲ್ಲಿ ನೆಲೆ ಕಂಡಿವೆ. ಪ್ರವಾಸಿಗರು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎದುರಿಗಿರುವ ಸರಳವಾದ ಬ್ಯಾರಕ್ಕಿನೊಳಗೆ ಸಣ್ಣದೊಂದು ಪ್ರದರ್ಶನವೂ ಚಿತ್ರಮಂದಿರವೂ ಇವೆ. ನನ್ನ ಮಟ್ಟಿಗೆ ಪ್ರತಿಮೆಗಳಿಗಿಂತ ಆ ಬ್ಯಾರಕ್ಕೇ ಮುಖ್ಯವಾಗಿತ್ತು, ಏಕೆಂದರೆ ಪ್ರತಿಮೆಗಳು ಆ ಸರ್ಕಾರ ಜನರಿಗೆ ಏನನ್ನು ತೋರಿಸಬಯಸಿತ್ತು ಎಂಬುದನ್ನು ಮಾತ್ರ ಹೇಳುತ್ತವೆ. ಅದು ಬಚ್ಚಿಟ್ಟುಕೊಂಡಿದ್ದ ಕೆಲಸದ ಕ್ರಮ ಇರುವುದು ಈ ಚಿತ್ರಗಳಲ್ಲಿ.

ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೈಚೀಲದೊಳಗೆ ಕ್ಯಾಮೆರಾ ಅಡಗಿಸಿ ಬೀದಿಯಲ್ಲಿ ಹೋಗುವವರ ಚಿತ್ರ ತೆಗೆಯುವುದು ಹೇಗೆ, ಕದ್ದಾಲಿಕೆಯ ಉಪಕರಣವನ್ನು ಕೂರಿಸುವುದು ಹೇಗೆ, ಮನೆಯನ್ನು ಶೋಧಿಸುವುದು ಹೇಗೆ, ಒಬ್ಬ ಸಾಮಾನ್ಯ ಮನುಷ್ಯನನ್ನು ಒಪ್ಪಿಸಿ ಮಾಹಿತಿದಾರನನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬ ಪಾಠಗಳು ಒಂದಾದ ಮೇಲೊಂದರಂತೆ ಬರುತ್ತವೆ. ಇವು ನಟಿಸಿ ತೋರಿಸಿದ ಸನ್ನಿವೇಶಗಳು. ಹಿನ್ನೆಲೆಯ ಧ್ವನಿ ಶಾಲೆಯ ಮೇಷ್ಟರ ಧ್ವನಿಯಂತೆ ನಿಧಾನವಾಗಿ, ಸ್ಪಷ್ಟವಾಗಿ ವಿವರಿಸುತ್ತದೆ. ಅದರಲ್ಲಿ ಸಿಟ್ಟಾಗಲಿ ದ್ವೇಷವಾಗಲಿ ಇಲ್ಲ. ನನ್ನನ್ನು ಕಲಕಿದ್ದು ಆ ಶಾಂತ ಸ್ವರವೇ. ಚಿತ್ರಹಿಂಸೆಯ ಕೋಣೆಗಳ ಕಥೆಗಳನ್ನು ಓದಿ ಬಂದವರಿಗೆ ಇಲ್ಲಿ ಕಾಣುವುದು ಕೋಟು ಧರಿಸಿದ ಅಧಿಕಾರಿಗಳು, ಸಾಧಾರಣ ಫ್ಲ್ಯಾಟುಗಳು, ಕಪಾಟುಗಳು, ಮೆಟ್ಟಿಲುಗಳು, ಅಂಗಡಿಬೀದಿಗಳು. ಪರರ ಮನೆಯ ಬಾಗಿಲು ತೆರೆದು ಒಳನುಗ್ಗುವುದನ್ನು ಇಷ್ಟು ಅಚ್ಚುಕಟ್ಟಾದ ಕಚೇರಿ ಕೆಲಸವಾಗಿ ಪರಿವರ್ತಿಸಲು ಎಷ್ಟೊಂದು ಜನರ ಶ್ರಮ, ಸರ್ಕಾರದ ಎಷ್ಟೊಂದು ಹಣ ವ್ಯಯವಾಗಿರಬೇಕು ಎಂದು ಯೋಚಿಸುತ್ತ ನಾನು ಕೊನೆಯವರೆಗೂ ಕುಳಿತಿದ್ದೆ.

ಕಾಲಾವಧಿಯನ್ನು ಗಮನಿಸಿದರೆ ಆ ಸ್ವರದ ಕಾರಣ ಸ್ವಲ್ಪ ತಿಳಿಯುತ್ತದೆ. ಸೋವಿಯತ್ ಹಿಡಿತದ ವಿರುದ್ಧ ಜನ ಎದ್ದ 1956ರ ಕ್ರಾಂತಿಗಿಂತ ಮೊದಲು ರಾಜ್ಯಭದ್ರತೆಯ ಹೊಣೆ ಹೊತ್ತಿದ್ದ ಆ‍ವೇಹಾ (ÁVH) ಎಂಬ ಸಂಸ್ಥೆ ಬಹಿರಂಗ ಭಯದಿಂದಲೇ ಆಳುತ್ತಿತ್ತು. ಕ್ರಾಂತಿಯ ಸಮಯದಲ್ಲಿ ಅದನ್ನು ವಿಸರ್ಜಿಸಲಾಯಿತು. ಆಮೇಲೆ ಬಂದ ಯಾನೋಶ್ ಕಾದಾರರ ಆಡಳಿತವು ಮೊದಲ ವರ್ಷಗಳ ಗಲ್ಲುಶಿಕ್ಷೆಗಳ ನಂತರ ಕ್ರಮೇಣ ಮೆತ್ತಗಾದರೂ ಕಣ್ಗಾವಲನ್ನು ಬಿಡಲಿಲ್ಲ. ಗೃಹ ಸಚಿವಾಲಯದೊಳಗೆ 1962ರಲ್ಲಿ ರಾಜ್ಯಭದ್ರತೆಗೆಂದು ಮೂರನೆಯ ಮಹಾವಿಭಾಗ ರೂಪುಗೊಂಡಿತು. ಅದರ ಕೆಳಗಿನ ‘ಮೂರು-ಬಾರ್-ಮೂರು’ (III/III) ಎಂಬ ಶಾಖೆ ದೇಶದೊಳಗಿನ ಭಿನ್ನಮತೀಯರ ಮೇಲೆ ನಿಗಾ ಇಟ್ಟಿತು. ಹೊಡೆತಕ್ಕಿಂತ ಮಾಹಿತಿಯನ್ನು ಹೆಚ್ಚು ನೆಚ್ಚಿಕೊಂಡ ವ್ಯವಸ್ಥೆಗೆ ತಾಳ್ಮೆಯ ಕುಶಲ ಕೆಲಸಗಾರರು ಬೇಕಾಗಿದ್ದರು. ಅವರನ್ನು ತಯಾರು ಮಾಡಲು ಸಿನಿಮಾ ಒಳ್ಳೆಯ ಸಾಧನವಾಯಿತು. ಇದೇ ಕಾಲದಲ್ಲಿ ಸಾರ್ವಜನಿಕರಿಗಾಗಿ ಪೊಲೀಸರ ಇನ್ನೊಂದು ಮುಖವೂ ಇತ್ತು. 1965ರಲ್ಲಿ ಆರಂಭವಾದ ‘ನೀಲಿ ಬೆಳಕು’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ಲಾಸ್ಲೊ ಸಾಬೊ ಅವರು ಅಪರಾಧ ಪ್ರಕರಣಗಳನ್ನು ಮನೆಮನೆಗೆ ತಲುಪಿಸುತ್ತಿದ್ದರು. ಒಂದೇ ಇಲಾಖೆ ಪರದೆಯ ಮೇಲೆ ಜನರ ರಕ್ಷಕನಾಗಿ ಕಾಣಿಸಿಕೊಳ್ಳುತ್ತಲೇ, ಮುಚ್ಚಿದ ಕೋಣೆಯಲ್ಲಿ ಅದೇ ಜನರ ಮನೆಗೆ ಕದ್ದು ಹೋಗುವುದನ್ನು ಕಲಿಸುತ್ತಿತ್ತು.

ಮರುದಿನ ನಗರದ ಮಧ್ಯದಲ್ಲಿರುವ ಆರನ್ ಯಾನೋಶ್ ಬೀದಿಗೆ ಹೋದೆ. ಅಲ್ಲಿ ಗೋಲ್ಡ್‌ಬರ್ಗರ್ ಎಂಬ ಬಟ್ಟೆ ಕಂಪನಿಗೆ ಸೇರಿದ್ದ ಹಳೆಯ ಕಟ್ಟಡದಲ್ಲಿ ಓಪನ್ ಸೊಸೈಟಿ ಆರ್ಕೈವ್ಸ್ ಇದೆ. 1995ರಲ್ಲಿ ಸ್ಥಾಪನೆಯಾದ ಈ ದಾಖಲೆ ಕೇಂದ್ರದಲ್ಲಿ ಶೀತಲ ಸಮರದ ಕಾಲದ ಅಪಾರ ಸಾಮಗ್ರಿಯಿದೆ. ಅದರಲ್ಲಿ ನನಗೆ ಬೇಕಾಗಿದ್ದದ್ದು ‘ಫೆಕೆತೆ ದೊಬೊಜ್’, ಅಂದರೆ ‘ಕಪ್ಪು ಪೆಟ್ಟಿಗೆ’ ಎಂಬ ತಂಡದ ವಿಡಿಯೊ ಸಂಗ್ರಹ. ದೂರದರ್ಶನ ಸರ್ಕಾರದ ಕೈಯಲ್ಲಿದ್ದ 1988ರಲ್ಲಿ ಕೆಲವು ಚಿತ್ರ ನಿರ್ಮಾಪಕರು ಒಟ್ಟಾಗಿ ಈ ಸ್ವತಂತ್ರ ವಿಡಿಯೊ ಪತ್ರಿಕೆಯನ್ನು ಆರಂಭಿಸಿದರು. ಸಭೆ, ಮೆರವಣಿಗೆ, ಚರ್ಚೆಗಳನ್ನು ಚಿತ್ರೀಕರಿಸಿ ಕ್ಯಾಸೆಟ್ಟುಗಳ ಮೂಲಕ ಹಂಚಿದರು.

1989ರ ಅಕ್ಟೋಬರ್ 23ರಂದು ಹಂಗೆರಿ ಗಣರಾಜ್ಯವೆಂದು ಘೋಷಿಸಿಕೊಂಡಿತು. ಬಹುಪಕ್ಷ ಚುನಾವಣೆಯ ಸಿದ್ಧತೆಯೂ ನಡೆದಿತ್ತು. ಆದರೂ ಮೂರು-ಬಾರ್-ಮೂರು ಶಾಖೆ ವಿರೋಧ ಪಕ್ಷಗಳವರ ಮೇಲೆ ಬೇಹುಗಾರಿಕೆಯನ್ನು ಮುಂದುವರಿಸಿಯೇ ಇತ್ತು. ಅದೇ ಸಂಸ್ಥೆಯ ಅಧಿಕಾರಿ ಮೇಜರ್ ಯೋಜೆಫ್ ವೇಗ್ವಾರಿ ಅವರ ನೆರವಿನಿಂದ ಕಪ್ಪು ಪೆಟ್ಟಿಗೆಯ ತಂಡ ಡಿಸೆಂಬರ್ ಕೊನೆಯಲ್ಲಿ ಕಚೇರಿಯೊಳಕ್ಕೆ ಹೋಗಿ ರಹಸ್ಯ ದಾಖಲೆಗಳನ್ನು ಚಿತ್ರೀಕರಿಸಿತು. 1990ರ ಜನವರಿ 5ರಂದು ವಿರೋಧ ಪಕ್ಷಗಳು ಪತ್ರಿಕಾಗೋಷ್ಠಿ ಕರೆದು ಇದನ್ನು ಬಯಲು ಮಾಡಿದವು. ಗೃಹ ಸಚಿವ ಇಶ್ತ್ವಾನ್ ಹೋರ್ವಾತ್ ಅದೇ ತಿಂಗಳು ರಾಜೀನಾಮೆ ಕೊಟ್ಟರು, ಶಾಖೆಯೂ ಮುಚ್ಚಿತು. ಜನರ ಮನೆಯೊಳಗೆ ಕ್ಯಾಮೆರಾ ಒಯ್ಯುವುದನ್ನು ಮೂವತ್ತು ವರ್ಷ ಕಲಿಸಿದ ಇಲಾಖೆಯ ಕಪಾಟಿನ ಮುಂದೆ ಜನರ ಕ್ಯಾಮೆರಾ ಬಂದು ನಿಂತದ್ದು ನನ್ನ ದೃಷ್ಟಿಯಲ್ಲಿ ಆ ವರ್ಷಗಳ ಅತ್ಯಂತ ದೊಡ್ಡ ಘಟನೆಗಳಲ್ಲೊಂದು. ಆ ಪತ್ರಿಕಾಗೋಷ್ಠಿ ನಡೆದದ್ದು ತೋಲ್ದಿ ಎಂಬ ಚಿತ್ರಮಂದಿರದಲ್ಲಿ. ಅದು ದಾಖಲೆ ಕೇಂದ್ರದಿಂದ ನಡೆದು ಹೋಗುವಷ್ಟೇ ದೂರ. ನಾನು ಆ ಸಂಜೆಯೇ ಹೋಗಿ ನೋಡಿ ಬಂದೆ.

ಆಂದ್ರಾಶಿ ರಸ್ತೆಯ 60ನೇ ಸಂಖ್ಯೆಯ ಕಟ್ಟಡಕ್ಕೂ ಹೋಗಿದ್ದೆ. ಮೊದಲು ಹಂಗೆರಿಯ ನಾತ್ಸಿಗಳಿಗೆ, ನಂತರ ಕಮ್ಯುನಿಸ್ಟ್ ಗುಪ್ತ ಪೊಲೀಸರಿಗೆ ಕೇಂದ್ರ ಕಚೇರಿಯಾಗಿದ್ದ ಆ ಕಟ್ಟಡ 2002ರಿಂದ ವಸ್ತುಸಂಗ್ರಹಾಲಯವಾಗಿದೆ. ಸಂಗೀತ, ಬೆಳಕು, ಕತ್ತಲೆಗಳನ್ನು ಬಳಸಿ ನೋಡುಗರನ್ನು ನಡುಗಿಸುವ ಅದರ ವಿಧಾನ ನನಗೆ ಅಷ್ಟು ಹಿಡಿಸಲಿಲ್ಲ. ಪೊಲೀಸರು ತಾವೇ ತೆಗೆದ ಚಿತ್ರಗಳ ಮುಂದೆ ಅಂಥ ಅಲಂಕಾರಗಳ ಅಗತ್ಯ ಬೀಳುವುದಿಲ್ಲ.

ಎಯೋತ್ವೋಶ್ ಬೀದಿಯಲ್ಲಿ ಹಂಗೆರಿಯ ರಾಜ್ಯಭದ್ರತಾ ಸೇವೆಗಳ ಐತಿಹಾಸಿಕ ದಾಖಲೆಗಾರವಿದೆ. 2003ರ ಕಾನೂನಿನ ಮೇಲೆ ನಿಂತಿರುವ ಈ ಸಂಸ್ಥೆಯಲ್ಲಿ ನಿಗಾಕ್ಕೆ ಒಳಗಾದವರು ತಮ್ಮ ಕಡತವನ್ನು ಕೇಳಿ ಪಡೆಯಬಹುದು. ಆದರೆ ಆಡಳಿತ ಬದಲಾಗುವ ಹೊತ್ತಿನಲ್ಲಿ ಅನೇಕ ಕಡತಗಳನ್ನು ನಾಶಮಾಡಲಾಯಿತು, ಮಾಹಿತಿದಾರರ ಪೂರ್ಣ ಪಟ್ಟಿ ಇಂದಿಗೂ ಪ್ರಕಟವಾಗಿಲ್ಲ. ಕಡತ ಇಲ್ಲವಾದ ಕುಟುಂಬಕ್ಕೆ ತಮ್ಮ ಮನೆಯಲ್ಲಿ ಏನು ನಡೆದಿರಬಹುದೆಂದು ಊಹಿಸಿಕೊಳ್ಳಲು ಸಿಗುವುದು ಆ ತರಬೇತಿ ಚಿತ್ರಗಳು ಮಾತ್ರ. ಬುಡಾಪೆಸ್ಟಿಗೆ ಹೋಗುವ ಕನ್ನಡಿಗರು ಮೆಮೆಂಟೊ ಪಾರ್ಕಿನಲ್ಲಿ ಪ್ರತಿಮೆಗಳನ್ನು ನೋಡಿ ಹಾಗೇ ಬಸ್ಸು ಹತ್ತಬಾರದು. ಆ ಬ್ಯಾರಕ್ಕಿನಲ್ಲಿ ಕುಳಿತು ಚಿತ್ರವನ್ನು ಪೂರ್ತಿಯಾಗಿ ನೋಡುವಷ್ಟು ಸಮಯವನ್ನು ಇಟ್ಟುಕೊಂಡೇ ಹೊರಡಬೇಕು.