ಮೆಷಿನ್ ‘ಸರಿ’ ಅಂದಿತ್ತು

ನಮ್ಮೂರು ಗದಗ ಕಡೆ. ಹೊಲದಲ್ಲಿ ಕಾಕಾ ಕರಿ ಪೈಪ್ ಜೋಡಿಸುವುದನ್ನು ನೋಡಿ ಬೆಳೆದವನು ನಾನು. ಮೂರು ಕಲ್ಲು, ಕೆಳಗೆ ಬೆಂಕಿ, ಮೇಲೊಂದು ಹಳೇ ರೊಟ್ಟಿ ಹಂಚು. ಎರಡು ಪೈಪಿನ ಬಾಯಿಯನ್ನು ಹಂಚಿಗೆ ಒತ್ತಿ ಹಿಡಿಯುವುದು, ಮೆತ್ತಗಾದ ಕೂಡಲೇ ಒಂದಕ್ಕೊಂದು ಅದುಮುವುದು. ಆ ಹಂಚನ್ನು ಕಾಕು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಆ ಜಗಳದ ಕತೆ ಬೇರೆ.

ಈಗ ನಾನಿರುವುದು ಆಸ್ಟ್ರೇಲಿಯಾದ ಟೂವೂಂಬಾದಲ್ಲಿ. ಬ್ರಿಸ್ಬೇನ್‌ನಿಂದ ಸುಮಾರು 125 ಕಿ.ಮೀ. ಪಶ್ಚಿಮಕ್ಕೆ, ಘಟ್ಟದ ಮೇಲಿನ ಊರು. ಅಲ್ಲಿಂದ ಆಚೆಗೆ ಹೋದರೆ ಕಣ್ಣು ಹಾಯಿಸಿದಷ್ಟೂ ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಳೇ ಸಿಮೆಂಟ್ ಪೈಪ್‌ಗಳು ಈ ಕುಣಿತ ತಾಳದೆ ಸೀಳುತ್ತವೆ. ಪಾಲಿಎಥಿಲೀನ್ ಪೈಪ್, ಅಂದರೆ ಕಾಕಾನ ಕರಿ ಪೈಪಿನಂಥ ಪ್ಲಾಸ್ಟಿಕ್ಕಿನದು, ಮಣ್ಣಿನ ಜೊತೆ ಬಾಗುತ್ತದೆ. ಆದರೆ ವೆಲ್ಡ್ ಗಟ್ಟಿ ಇದ್ದರೆ ಮಾತ್ರ.

ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದಂತೆ. ಅವರ ನೀರಿನ ಪೈಪ್ ಮುಟ್ಟಬೇಕಾದರೆ ಸರ್ಟಿಫಿಕೇಟ್ ಬೇಕು ಅಂದರು ನಮ್ಮ ಕಾಂಟ್ರಾಕ್ಟರ್. ಎರಡು ಪಾಠ: ಹಂಚಿನ ತರಹದ ಬಟ್ ವೆಲ್ಡಿಂಗ್ (ಪಾಠದ ಕೋಡ್ ಪಿಎಂಬಿವೆಲ್ಡ್301), ಎರಡು ಪೈಪ್ ಸೇರಿಸುವ ಕೊಳವೆಯಂಥ ಕಪ್ಲರ್ ಹಾಕುವ ಎಲೆಕ್ಟ್ರೋಫ್ಯೂಷನ್ (ಪಿಎಂಬಿವೆಲ್ಡ್302). ಮೊದಲನೆಯದು ಸಲೀಸಾಗಿ ಮುಗಿಯಿತು. ಹಂಚಿನ ಋಣ ಅನ್ನಿ.

ಎರಡನೆಯದು ನೋಡೋಕೆ ಇನ್ನೂ ಸುಲಭ. ಕಪ್ಲರ್ ಒಳಗೆ ಕರೆಂಟಿಗೆ ಬಿಸಿಯಾಗುವ ತಂತಿ ಇರುತ್ತದೆ. ಎರಡೂ ಕಡೆ ಪೈಪ್ ತೂರಿಸಿ, ಕ್ಲಾಂಪ್ ಬಿಗಿದು, ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಎಷ್ಟು ಹೊತ್ತು ಕಾಯಿಸಬೇಕು ಅಂತ ಮೆಷಿನ್ನಿಗೇ ಗೊತ್ತು. ನಮಗೇನು ಕೆಲಸ? ಸಿಪ್ಪೆ ತೆಗೆಯುವುದು! ಗಾಳಿ ಬಿಸಿಲಿಗೆ ಪೈಪಿನ ಮೇಲ್ಪದರ ಕೆಟ್ಟಿರುತ್ತದೆ, ಅದು ಬೆಸೆಯುವುದಿಲ್ಲ. ಕಾಣೋಕೆ ಮಾತ್ರ ಹೊಸದರ ಹಾಗೇ ಇರುತ್ತದೆ. ಪೈಪಿನ ಮೇಲೆ ಮಾರ್ಕರ್‌ನಿಂದ ಅಡ್ಡಾದಿಡ್ಡಿ ಗೀಚಿ, ಸ್ಕ್ರೇಪರ್ ತಿರುಗಿಸಬೇಕು. ಸೇಬಿನ ಸಿಪ್ಪೆಯ ಹಾಗೆ ಉದ್ದಕ್ಕೆ ಸುರುಳಿ ಬರುತ್ತದೆ. ಕನಿಷ್ಠ 0.2 ಮಿ.ಮೀ. ಹೋಗಬೇಕು, ಒಂದು ಗೀಟೂ ಉಳಿಯಬಾರದು. ಉಪ್ಪುಕಾಗದ ನಡೆಯಲ್ಲ.

ಪರೀಕ್ಷೆಯ ದಿನ ನಾನು ನೀಟಾಗಿ ಕೆರೆದೆ. ಆಮೇಲೆ ಊರಿನ ಅಭ್ಯಾಸ ನೋಡಿ, ನುಣ್ಣಗಾಗಿದೆಯಾ ಅಂತ ಅಂಗೈ ಸವರಿಬಿಟ್ಟೆ. ಜನವರಿ, ಇಲ್ಲಿ ಬೇಸಿಗೆ, ಕೈಯೆಲ್ಲ ಬೆವರು. ಪರೀಕ್ಷಕರು ನೋಡಿದರೋ ಇಲ್ಲವೋ, ಏನೂ ಅನ್ನಲಿಲ್ಲ. ಮೆಷಿನ್ ಬೀಪ್ ಅಂತು, ಪರದೆ ಮೇಲೆ ‘ಸರಿ’ ಬಂತು, ಒಳಗೆ ಪ್ಲಾಸ್ಟಿಕ್ ಕರಗಿದೆ ಅಂತ ತೋರಿಸುವ, ಕಪ್ಲರ್ ಮೇಲಿನ ಎರಡು ಸಣ್ಣ ಮೊಳೆಗಳೂ ಎದ್ದು ನಿಂತವು. ನಾನು ಹಿಗ್ಗಿದೆ.

ತಣ್ಣಗಾದ ಮೇಲೆ ಅವರು ಅದನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ವೈಸಿಗೆ ಕಚ್ಚಿಸಿ ಎಳೆದರು. ಒಳ್ಳೆ ವೆಲ್ಡ್ ಆದರೆ ಪ್ಲಾಸ್ಟಿಕ್ ಎಳೆಎಳೆಯಾಗಿ ಹಿಗ್ಗಿ ಹರಿಯಬೇಕು. ಮೂರು ಪಟ್ಟಿ ಹಾಗೇ ಹರಿದವು. ನಾಲ್ಕನೆಯದು ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಮ್ನೆ ಬಿಟ್ಟುಕೊಂಡಿತು. ಒಳಗೆ ನುಣ್ಣಗೆ ಹೊಳೆಯುತ್ತಿತ್ತು, ತಂತಿಯ ಗೆರೆ ಮಾತ್ರ ಅಚ್ಚಾಗಿತ್ತು. ಅವರು ಅದನ್ನು ನನ್ನ ಅಂಗೈ ಮೇಲೇ ಇಟ್ಟರು. ನೋಡಿದ್ದರು ಅಂತ ಆಗ ಗೊತ್ತಾಯಿತು.

ರಾತ್ರಿ ಕಾಕಾಗೆ ಫೋನ್ ಮಾಡಿ ಫೇಲಾದೆ ಅಂದೆ.

“ಪೈಪ್ ಒರಸೂದರಾಗ ಫೇಲಾದ್ಯಾ?” ಅಂದ. ನಕ್ಕಿದ್ದು ಕಾಕು ಇರಬೇಕು, ಹಿಂದಿನಿಂದ ಕೇಳಿಸಿತು.

ಮೂರು ವಾರ ಬಿಟ್ಟು ಮತ್ತೆ ಕೂತೆ. ಕೆರೆದೆ, ಆಲ್ಕೋಹಾಲ್ ವೈಪ್‌ನಿಂದ ಒರೆಸಿದೆ, ಆರುವವರೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಪರೀಕ್ಷಕರು ನಕ್ಕರು. ಈ ಸಲ ಎಲ್ಲ ಪಟ್ಟಿಯೂ ಹರಿದವು.

ಹೋದ ವಾರ ಕೌನ್ಸಿಲ್ ಲೈನಿನಲ್ಲಿ ನನ್ನ ಮೊದಲ ಕಪ್ಲರ್ ಹಾಕಿದೆ. ನೀಲಿ ಪಟ್ಟೆಯ ಪೈಪ್, ಕುಡಿಯುವ ನೀರಿನದು. ಧೂಳಿಗೆ ಟೆಂಟ್ ಕಟ್ಟಿ, ಮೊಣಕಾಲೂರಿ ಮಾಡಿದ ಕೆಲಸ. ಕಪ್ಲರ್ ಪಕ್ಕ ಬಿಳಿ ಮಾರ್ಕರ್‌ನಲ್ಲಿ ವೆಲ್ಡ್ ನಂಬರ್, ತಾರೀಕು, ನನ್ನ ಇನಿಶಿಯಲ್. ಮುಂದೆ ಎಂದಾದರೂ ಸೋರಿದರೆ ಯಾರ ಕೈ ಅಂತ ಸಿಕ್ಕೇ ಸಿಗುತ್ತದೆ. ಗುಂಡಿ ಮುಚ್ಚುವ ಮೊದಲು ಫೋಟೋ ತೆಗೆದು ಕಾಕಾಗೆ ಕಳಿಸಿದೆ.

ವೆಲ್ಡ್ ಬಗ್ಗೆ ಒಂದು ಮಾತಿಲ್ಲ. “ಮಣ್ಣು ಛಲೋ ಐತಲ್ಲೋ, ಏನ್ ಬಿತ್ತತಾರ ಅಲ್ಲಿ?” ಅಂತ ಕೇಳಿದ.

ಜೋಳ, ಹತ್ತಿ ಅಂದೆ.